ಹೊಗೆಯಿಲ್ಲದ ಒಲೆಯ ನೀರು

ಕರ್ಕಾಟಕ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ಮೊದಲು ಅಳುವುದು ಉಪ್ಪಿನ ಮರಿಗೆ. ಹಲಸಿನ ಮರದಲ್ಲಿ ಕೊರೆದ ಹಳೆಯ ಪಾತ್ರೆ ಅದು. ಮಳೆ ಹಿಡಿದ ಮೂರನೆಯ ದಿನಕ್ಕೆ ಅದರ ಮೈ ಬೆವರುತ್ತದೆ, ಐದನೆಯ ದಿನಕ್ಕೆ ತಳದಲ್ಲಿ ಒಂದು ಬೆರಳು ಉಪ್ಪುನೀರು ನಿಂತಿರುತ್ತದೆ. ಅತ್ತೆ ಅದನ್ನು ಎತ್ತಿ ಒಲೆಯ ಮಗ್ಗುಲಿಗೆ ಇಟ್ಟು, "ಇವಳೊಬ್ಬಳಿಗೆ ಯಾರೂ ಸಾಯದೇನೇ ಅಳು ಬತ್ತದ" ಎನ್ನುತ್ತಿದ್ದಳು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನನ್ನು ಹೆತ್ತ ವರ್ಷವೇ ಅವ್ವ ತೀರಿಕೊಂಡದ್ದರಿಂದ ಅಣ್ಣನನ್ನೂ ನನ್ನನ್ನೂ ಸಾಕಿದವಳು ಅವಳೇ. ನಮ್ಮ ಮನೆ ವಯನಾಡಿನ ನೂಲ್ಪುಳದಲ್ಲಿ, ಗದ್ದೆಯ ಅಂಚಿಗೆ. ಗದ್ದೆ ಮುಗಿದಲ್ಲಿ ಆನೆ ಕಂದಕ, ಕಂದಕ ಮುಗಿದಲ್ಲಿ ಕಾಡು. ಹಿರಿಯರು ಯಾವ ಕಾಲದಲ್ಲೋ ಗುಂಡ್ಲುಪೇಟೆಯ ಕಡೆಯಿಂದ ಎತ್ತು ಹೊಡೆದುಕೊಂಡು ಬಂದವರಂತೆ. ಶಾಲೆಯಲ್ಲಿ ಕಲಿತದ್ದು ಮಲಯಾಳ, ಕನ್ನಡ ಕಲಿತದ್ದು ಅತ್ತೆಯ ಬಾಯಿಂದ. ಅಕ್ಷರ ಕಾಣದ ಆ ಬಾಯಿಂದ ಬಂದ ಮಾತನ್ನೇ ಇವತ್ತೂ ಬರೆಯುತ್ತಿದ್ದೇನೆ, ಅಕ್ಷರವಷ್ಟೇ ಮೈಸೂರಿನದು.

ಮೈಸೂರಿಗೆ ಹೋದದ್ದು ರಸಾಯನಶಾಸ್ತ್ರ ಓದಲು. ಓದು ಮುಗಿದ ಮೇಲೂ ಅಲ್ಲೇ ಒಂದು ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿಕೊಂಡೆ. ಆದರೂ ನಾಟಿಯ ಹೊತ್ತಿಗೆ ಊರಿಗೆ ಬರುವುದನ್ನು ತಪ್ಪಿಸುತ್ತಿರಲಿಲ್ಲ. ನಮ್ಮ ಗದ್ದೆ ತಗ್ಗಿನದು, ಕಾಲಿಟ್ಟರೆ ಮೊಣಕಾಲಿನ ಮೇಲಕ್ಕೆ ಕೆಸರು. ಪೈರಿನ ಕಟ್ಟು ಹೊತ್ತು ಅದರಲ್ಲಿ ನಡೆಯಲಾಗುವುದಿಲ್ಲ. ಅದಕ್ಕೇ ಹೆಂಗಸರು ಬದುವಿನಿಂದ ಗದ್ದೆಯ ನಡುವಿನವರೆಗೆ ಸಾಲಾಗಿ ನಿಂತು, ಕಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನಿಂತವರು ನಿಂತಲ್ಲೇ ಇರುತ್ತಾರೆ, ಪೈರು ಮಾತ್ರ ನಡುಗದ್ದೆಗೆ ಹೋಗಿ ಮುಟ್ಟುತ್ತದೆ. ಆ ಸಾಲಿನ ಕೊನೆಯಲ್ಲಿ ಅತ್ತೆ, ಅವಳ ಪಕ್ಕದಲ್ಲಿ ಕಂದಕದಾಚೆಯ ಆದಿವಾಸಿ ಹಾಡಿಯ ಒಬ್ಬಾಕೆ. ಇಬ್ಬರೂ ನಲವತ್ತು ವರ್ಷ ಜೊತೆಯಾಗಿ ನಾಟಿ ಹಾಕಿದವರು. ಆಕೆಯನ್ನು ನಾನು ಹಾಡಿಯಮ್ಮ ಎಂದೂ, ಆಕೆ ನನ್ನನ್ನು ಮೋಳೆ, ಅಂದರೆ ಮಗಳೇ, ಎಂದೂ ಕರೆಯುವುದು.

ಅತ್ತೆ ಗದ್ದೆಗೆ ಇಳಿದ ಕೊನೆಯ ವರ್ಷ ಅದು. ಹತ್ತು ಗಂಟೆಯ ಕಟ್ಟನ್ ಚಾಯಕ್ಕೆ, ಹಾಲಿಲ್ಲದ ಚಹಕ್ಕೆ, ಬದುವಿನ ಮೇಲೆ ಕೂತಿದ್ದೆವು, ಪ್ಲಾಸ್ಟಿಕ್ ಕೊಪ್ಪೆ ತಲೆಗೆ ಹಾಕಿಕೊಂಡು.

"ಅಲ್ಲ ಮೊಗ, ಏಳು ವರ್ಸದಿಂದ ಆ ಲ್ಯಾಬಲ್ಲಿ ಅದೇನ್ ಅಡಿಗೆ ಮಾಡ್ತಿದ್ದೀಯ? ಇನ್ನೂ ಬೆಂದಿಲ್ವಾ?" ಎಂದಳು ಅತ್ತೆ.

"ಅಡಿಗೆ ಅಲ್ಲ ಅತ್ತೆ, ಒಲೆಯನ್ನೇ ಮಾಡ್ತಿದ್ದೀನಿ. ಬೆಂಕಿ ಇಲ್ಲ, ಹೊಗೆ ಇಲ್ಲ. ಒಂದು ಕಡೆಯಿಂದ ಹೈಡ್ರೋಜನ್ ಅನ್ನೋ ಗಾಳಿ ಬಿಡೋದು, ಇನ್ನೊಂದು ಕಡೆಯಿಂದ ನಾವು ಉಸಿರಾಡೋ ಗಾಳಿ. ನಡುವೆ ಒಂದು ಪೊರೆ. ಅದರಿಂದ ಕರೆಂಟು ಬರ್ತದೆ. ಫ್ಯೂಯಲ್ ಸೆಲ್ ಅಂತಾರೆ."

"ಹೊಗೆ ಇಲ್ದೆ ಒಲೆ ಹೆಂಗವ್ವ? ತಿಂದದ್ದು ಎಲ್ಲಿಗಾದ್ರೂ ಹೋಗ್ಬೇಕಲ್ಲ?"

"ನೀರಾಗಿ ಹೋಗ್ತದೆ."

ಅತ್ತೆ ಹಾಡಿಯಮ್ಮನ ಮುಖ ನೋಡಿದಳು, ಹಾಡಿಯಮ್ಮ ಅತ್ತೆಯ ಮುಖ ನೋಡಿದಳು. ಇಬ್ಬರೂ ನಗಲು ಶುರುಮಾಡಿದರು. ಅತ್ತೆಯ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಆಗಲೇ ಅವಳ ಎದೆ ಕೆಟ್ಟಿತ್ತು. ಕಲ್ಪೆಟ್ಟದ ಡಾಕ್ಟರು ಎಕ್ಸ್‌ರೇ ಹಿಡಿದು, ಬೀಡಿ ಸೇದುತ್ತಿದ್ದರಾ ಎಂದು ಕೇಳಿದ್ದರಂತೆ. "ಬೀಡಿ ಅಲ್ಲ ಡಾಕ್ಟ್ರೇ, ಹಸಿ ಸೌದೆ" ಎಂದು ಹೇಳಿ ಬಂದಿದ್ದಳು ಇವಳು.

ಕೆಮ್ಮು ತಗ್ಗಿದ ಮೇಲೆ ಬಿಡಿಸಿ ಹೇಳಿದೆ. ಹೈಡ್ರೋಜನ್ನಿನ ಒಂದು ತುಣುಕು, ಪ್ರೋಟಾನ್ ಎಂಬುದು, ಪೊರೆಯೊಳಗಿಂದ ಆಚೆ ದಡಕ್ಕೆ ದಾಟಬೇಕು. ಅದರ ಜೊತೆಯಲ್ಲಿದ್ದ ಎಲೆಕ್ಟ್ರಾನಿಗೆ ಪೊರೆಯೊಳಗೆ ದಾರಿಯಿಲ್ಲ, ಅದು ತಂತಿ ಹಿಡಿದು ಸುತ್ತುಬಳಸಿ ಬರಬೇಕು. ಹಾಗೆ ಸುತ್ತಿ ಬರುವುದೇ ನಮಗೆ ಸಿಗುವ ಕರೆಂಟು. ಎರಡೂ ಆಚೆ ದಡದಲ್ಲಿ ಸೇರಿ ಗಾಳಿಯೊಂದಿಗೆ ಕೂಡಿದರೆ ನೀರು. ಸಾಮಾನ್ಯವಾಗಿ ಪೊರೆಯೊಳಗೂ ನೀರೇ ಇರುತ್ತದೆ, ಪ್ರೋಟಾನು ಆ ನೀರಿನಲ್ಲಿ ಹೋಗುತ್ತದೆ. ಆದರೆ ಸೆಲ್ಲು ಹೆಚ್ಚು ಕಾದರೆ ಆ ನೀರು ಆರಿ, ದಾರಿಯೇ ಮುಚ್ಚಿಹೋಗುತ್ತದೆ. ಹಾಗಾಗಿ ನಾನು ನೀರಿನ ಬದಲು ಆರದೇ ಇರುವ ಒಂದು ಉಪ್ಪನ್ನು ಪೊರೆಗೆ ಕುಡಿಸುತ್ತಿದ್ದೇನೆ. ಉಪ್ಪೇ, ಆದರೆ ನೀರು ಹಾಕದೆಯೂ ದ್ರವವಾಗಿ ನಿಲ್ಲುವ ಉಪ್ಪು.

"ನಮ್ಮ ಮರಿಗೇಲಿ ಪ್ರತಿ ವರ್ಸ ಆಯ್ತದಲ್ಲ, ಅದಕ್ಕೆ ಏಳು ವರ್ಸ ಕಾಲೇಜು ಬೇಕಿತ್ತಾ?" ಎಂದಳು ಅತ್ತೆ.

"ಮರಿಗೇದು ಮಳೆ ತೇವ ಕುಡಿದು ಕರಗೋದು. ನಂದು ತೇವವೇ ಇಲ್ದೆ ನೀರಾಗಿರೋದು. ಆದ್ರೆ ಜೇನಿನ ಹಾಗೆ ಮಂದ. ಪ್ರೋಟಾನು ಅದರೊಳಗೆ ನಡೆಯೋಕಾಗದೆ ಒದ್ದಾಡ್ತದೆ."

"ನಡಿಯದ್ಯಾಕೆ? ಈ ಕೆಸರಲ್ಲಿ ನಾವೇನು ಕಟ್ಟು ಹೊತ್ಕಂಡು ನಡೀತೀವಾ? ಕೈಯಿಂದ ಕೈಗೆ ಕೊಡಲ್ವಾ?"

"ಹಾಗೇ ಕೊಡ್ಲಿ ಅಂತ್ಲೇ ನನ್ನಾಸೆ. ಕೊಡ್ತಿಲ್ಲ."

ಅಲ್ಲಿಯವರೆಗೆ ಎಲೆ ಅಡಿಕೆ ಮೆಲ್ಲುತ್ತಿದ್ದ ಹಾಡಿಯಮ್ಮ ಉಗಿದು ಬಂದು, "ಎಲ್ಲಾರ ಕೈಲೂ ಕಟ್ಟಿದ್ರೆ ಯಾರು ಈಸ್ಕಳ್ಳಾದು ಮೋಳೆ? ಮುಂದಿನೋಳ ಕೈ ಖಾಲಿ ಇರ್ಬೇಕು" ಎಂದಳು.

ಇದನ್ನು ಆಕೆಯೇ ಕಂಡುಹಿಡಿದಳು ಎಂದು ಹೇಳಲಾರೆ. ಬಲ್ಲವರು ಬರೆದಿಟ್ಟದ್ದನ್ನು ನಾನು ಓದಿದ್ದೆ. ಆದರೆ ಓದಿದ್ದಕ್ಕೂ ಕಾಲು ಕೆಸರಿನಲ್ಲಿಟ್ಟು ಕೇಳಿದ್ದಕ್ಕೂ ವ್ಯತ್ಯಾಸವಿದೆ. ನನ್ನ ಉಪ್ಪನ್ನು ನಾನು ಆಮ್ಲವನ್ನೂ ಪ್ರತ್ಯಾಮ್ಲವನ್ನೂ ಸರಿಸಮ ಬೆರೆಸಿ ಮಾಡುತ್ತಿದ್ದೆ. ಆಮ್ಲ ಕೊಟ್ಟ ಪ್ರೋಟಾನನ್ನು ಪ್ರತಿಯೊಂದು ಪ್ರತ್ಯಾಮ್ಲವೂ ಹಿಡಿದುಕೊಂಡು ನಿಂತಿತ್ತು. ಗದ್ದೆಯ ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಕಟ್ಟು. ಮೈಸೂರಿಗೆ ಹೋದವಳು ಪ್ರತ್ಯಾಮ್ಲವನ್ನು ಒಂದಿಷ್ಟು ಹೆಚ್ಚಿಗೆ ಹಾಕಿದೆ. ಖಾಲಿ ಕೈಗಳು ಬಂದವು. ಮೀಟರಿನ ಮುಳ್ಳು ಮೇಲೇರಿತು.

ಬದುವಿನ ಮೇಲೆ ಅವತ್ತು ಅತ್ತೆ ಇನ್ನೊಂದು ಮಾತು ಕೇಳಿದ್ದಳು.

"ನಿನ್ನ ಒಲೆ ಹತ್ತಿದ ದಿನ ಅದು ಬುಡೋ ನೀರ ನಂಗ ತತ್ತಾ. ಸಾಯೋವಾಗ ನನ್ನ ಬಾಯಿಗ ನೀನೇ ಬುಡು. ಐವತ್ತು ವರ್ಸ ಒಲೆ ಹೊಗೆ ಕುಡುದಿವ್ನಿ, ಒಂದು ಸಲ ಒಲೆ ನೀರು ಕುಡುದು ಹೋಯ್ತೀನಿ."

"ಈಗಲೇ ಯಾಕೆ ಆ ಮಾತು?"

"ಈಗ ಹೇಳ್ದೆ ಸತ್ತ ಮೇಲೆ ಹೇಳಕಾಯ್ತದ?" ಎಂದು ಲೋಟ ಕೊಡವಿ ಎದ್ದಳು.

ಸಾಯುವವರ ಬಾಯಿಗೆ ಸಾಕಿಸಿಕೊಂಡವರು ನೀರು ಬಿಡಬೇಕೆಂಬುದು ನಮ್ಮಲ್ಲಿ ದೊಡ್ಡ ಮಾತು. ಬೇರೆ ಎಲ್ಲ ಸಾಲ ತೀರಿದರೂ ಅದೊಂದು ತೀರದೆ ಹೋಯಿತೆಂದರೆ ಊರಿನ ಬಾಯಿ ಸುಮ್ಮನಿರುವುದಿಲ್ಲ. ಊರು ಹಾಗಿರಲಿ, ನಾನು ತಲೆಯಾಡಿಸಿದ್ದೆ.

ಮಾರನೆಯ ವರ್ಷದ ಮಳೆಗಾಲಕ್ಕೆ ನನ್ನ ಸೆಲ್ಲು ಓಡಿತು. ಅಂಗೈಯಷ್ಟು ಅಗಲದ ಲೋಹದ ಡಬ್ಬಿ ಅದು, ನೀರು ಕುದಿಯುವ ಬಿಸಿಗಿಂತ ಹೆಚ್ಚಿನ ಬಿಸಿಯಲ್ಲಿ ಗಂಟೆಗಟ್ಟಲೆ ಓಡಿತು. ಹೊರಬರುವ ಆವಿಯನ್ನು ಮಂಜುಗಡ್ಡೆಯಲ್ಲಿಟ್ಟ ಗಾಜಿನ ನಳಿಗೆಯಲ್ಲಿ ಹಿಡಿದೆ. ಹನಿ ಕಟ್ಟಿತು. ಆ ಸಂಜೆಯೇ ಅತ್ತೆಗೆ ಫೋನು ಮಾಡಿದೆ. ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದಿದ್ದಳು. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಫೋನನ್ನು ಅವಳ ಕಿವಿಗೆ ಹಿಡಿದಳು.

"ಅತ್ತೆ, ನೀರು ಬಂತು."

"ತತ್ತಾ ಮತ್ತೆ."

"ಕುಡಿಯೋ ಹಾಗಿಲ್ಲ ಅತ್ತೆ. ಅದರ ಜೊತೆ ನನ್ನ ಉಪ್ಪೂ ಬರ್ತಿದೆ. ಅಡಿಗೆ ಉಪ್ಪಲ್ಲ, ಬಾಯಿಗೆ ಹಾಕೋದಲ್ಲ ಅದು."

ನಿಜ ಹೇಳಬೇಕೆಂದರೆ ಅದೇ ನನ್ನ ಎಂಟು ವರ್ಷದ ಸೋಲು. ಪ್ರೋಟಾನು ದಾಟಿ ಹುಟ್ಟಿದ ನೀರೇ, ಅದು ದಾಟಿ ಬಂದ ಉಪ್ಪನ್ನು ಪೊರೆಯಿಂದ ತೊಳೆದುಕೊಂಡು ಹೋಗುತ್ತಿತ್ತು. ಉಪ್ಪು ಪೊರೆಯೊಳಗೆ ನಿಂತರೆ ಸೆಲ್ಲು ಬದುಕುತ್ತದೆ, ನೀರಿನ ಜೊತೆ ಹೊರಟರೆ ದಿನದಿಂದ ದಿನಕ್ಕೆ ಸೊರಗುತ್ತದೆ. ಇಷ್ಟನ್ನು ಅತ್ತೆಗೂ ಹೇಳಿದೆ. ಅವಳು ಉಸಿರು ಕೂಡಿಸಿಕೊಂಡು, "ಅಂಗಾದ್ರೆ ಉಪ್ಪಿಲ್ದಿರೋ ನೀರು ಬಂದ್ರೆ ನೀನು ಗೆದ್ದೆ ಅಂತ" ಎಂದಳು.

"ಹೌದತ್ತೆ."

"ಕಾಯ್ತೀನಿ ಬುಡು."

ಹೆಚ್ಚು ದಿನ ಕಾಯಲು ಅವಳಿಗೆ ಎದೆ ಬಿಡಲಿಲ್ಲ. ಒಂದು ಮಧ್ಯಾಹ್ನ ಮೂರು ಗಂಟೆಗೆ ಅಣ್ಣ ಫೋನು ಮಾಡಿದ. "ಬೆಳಿಗ್ಗೆಯಿಂದ ಗಂಜಿ ಒಳಗೆ ಇಳೀತಿಲ್ಲ. ಡಾಕ್ಟ್ರು ಮನೆಗೆ ಬಂದು ನೋಡಿ ಹೋದ್ರು. ಬಂದುಬುಡವ್ವ, ಇವತ್ತೇ. ಒಂಬತ್ತಕ್ಕೆ ಗೇಟು ಹಾಕ್ತಾರೆ, ಗೊತ್ತಲ್ಲ?"

ಗೊತ್ತಿತ್ತು. ಮೈಸೂರಿಗೂ ನಮಗೂ ನಡುವೆ ಕಾಡಿದೆ, ಕಾಡಿನ ಹೆದ್ದಾರಿಗೆ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ, ಬೆಳಿಗ್ಗೆ ಆರಕ್ಕೆ ಏಳುತ್ತದೆ. ನಮ್ಮ ಕಡೆಯ ಮಕ್ಕಳು ಗಡಿಯಾರ ನೋಡಲು ಕಲಿಯುವುದೇ ಈ ಎರಡು ಅಂಕಿಗಳಿಂದ. ಕಾರಿದ್ದ ಗೆಳತಿಯೊಬ್ಬಳು ತಕ್ಷಣ ಹೊರಡಲು ತಯಾರಾದಳು. ನಾಲ್ಕಕ್ಕೆ ಹೊರಟಿದ್ದರೆ ಎಂಟಕ್ಕೆ ಮನೆಯಲ್ಲಿರುತ್ತಿದ್ದೆ.

ನಾನು ಹೊರಡಲಿಲ್ಲ. ನಳಿಗೆಯಲ್ಲಿ ಎರಡು ದಿನದ ನೀರಿತ್ತು. ಒಂದು ತೀರ್ಥದ ಚಮಚ ತುಂಬುವಷ್ಟಿದ್ದರೆ ಹೆಚ್ಚು. ಉಪ್ಪಿನ ಸಮೇತ ಅದನ್ನು ಸಾಯುವ ಬಾಯಿಗೆ ಹೇಗೆ ಬಿಡಲಿ? ಉಪ್ಪು ಹೀರುವ ರಾಳದ ಮಣಿಗಳನ್ನು ಗಾಜಿನ ಕೊಳವೆಗೆ ತುಂಬಿ, ನೀರನ್ನು ಅದರ ಮೇಲೆ ಹನಿಹನಿಯಾಗಿ ಬಿಟ್ಟೆ. ಒಮ್ಮೆ ಇಳಿಯಿತು. ಮೀಟರಿನ ತುದಿ ಅದ್ದಿ ನೋಡಿದರೆ ಉಪ್ಪು ಇನ್ನೂ ಇತ್ತು. ಮಣಿ ಬದಲಿಸಿ ಇನ್ನೊಮ್ಮೆ ಬಿಟ್ಟೆ. ಗೆಳತಿ ಎರಡು ಸಲ ಬಾಗಿಲಿಗೆ ಬಂದಳು. ಎರಡನೆಯ ಸಲ ಬಂದಾಗ, "ಬಾಟಲಿಯಲ್ಲಿ ಬಾವಿ ನೀರು ತುಂಬಿಕೊಂಡು ಹೋದರೆ ಅವರಿಗೇನು ಗೊತ್ತಾಗುತ್ತದೆ? ಬಾ ಮಾರಾಯ್ತಿ" ಎಂದಳು.

ಅವಳಿಗೆ ಸಿಟ್ಟಿನಿಂದ ಏನೋ ಅಂದೆ. ಏನಂದೆ ಎಂಬುದನ್ನು ಇಲ್ಲಿ ಬರೆಯಲಾರೆ.

ಆರೂವರೆಗೆ ಹೊರಟೆವು. ನಂಜನಗೂಡು ದಾಟುವಷ್ಟರಲ್ಲಿ ಮಳೆ ಜೋರಾಯಿತು, ಮುಂದೆ ಒಂದು ಕಡೆ ಮರ ಬಿದ್ದು ಅರ್ಧ ಗಂಟೆ ನಿಂತೆವು. ಗುಂಡ್ಲುಪೇಟೆಯ ಆಚೆ, ಕಾಡಿನ ಬಾಯಲ್ಲಿರುವ ಗೇಟಿಗೆ ಬಂದಾಗ ಒಂಬತ್ತು ಹೊಡೆದು ಹತ್ತು ನಿಮಿಷವಾಗಿತ್ತು. ಕೊಡೆ ಹಿಡಿದ ಕಾವಲುಗಾರ ಕಾರಿನ ಹತ್ತಿರ ಬಂದ. ಅಪ್ಪನ ವಯಸ್ಸಿನವನು.

"ನಮ್ಮತ್ತೆ ಸಾಯ್ತಿದ್ದಾರೆ ಅಣ್ಣ. ನಾನೇ ನೀರು ಬಿಡ್ಬೇಕು."

"ರೋಗಿ ಗಾಡೀಲಿ ಅವರಾ?"

"ಇಲ್ಲ, ಮನೇಲಿ."

"ರೋಗಿ ಒಳಗಿದ್ರೆ ಬುಡಬೋದು ಕನವ್ವ. ನೋಡಕ್ಕೋಗೋರನ್ನ ಬುಡಕಾಗಲ್ಲ. ಈಗ ಆನೆ ರಸ್ತೆಗೆ ಬರೋ ಹೊತ್ತು, ಅವಕ್ಕೆ ನಾನೇನು ಹೇಳ್ಲಿ?" ಎಂದು, ನನ್ನ ಮುಷ್ಟಿಯೊಳಗಿನ ಪುಟ್ಟ ಬಾಟಲಿ ನೋಡಿ, "ಏನದು, ಔಸ್ದಿಯಾ? ಔಸ್ದಿಯಾದ್ರೆ ಆಂಬುಲೆನ್ಸ್ ಬಂದಾಗ ಕೊಟ್ಟು ಕಳಿಸ್ತೀನಿ" ಎಂದ.

"ಔಷಧಿ ಅಲ್ಲ. ನೀರು."

ಅವನು ಸುರಿಯುವ ಮಳೆಯನ್ನೊಮ್ಮೆ ನೋಡಿದ. "ಈ ಮಳೇಲಿ ವಯನಾಡಿಗೆ ನೀರು ಹೊತ್ಕಂಡು ಹೋಯ್ತಿದ್ದೀರಾ?" ಎಂದ. ಅಣಕಿಸಿ ಕೇಳಿದ್ದಲ್ಲ. ಆದರೂ ಆ ಮಾತು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಕಳಿಸಿಕೊಡುತ್ತೇನೆ ಎಂದಿದ್ದನಲ್ಲ, ಆಗಲೇ ಅವನ ಕೈಗೆ ಕೊಟ್ಟಿದ್ದರೆ? ಕೊಡಲಿಲ್ಲ. ನಾನೇ ಹೊತ್ತು ನಡೆಯಬೇಕಿತ್ತು ನನಗೆ.

ಗೇಟು ಬಿದ್ದದ್ದನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಬೆಳಗಿನ ಆರರವರೆಗೆ ಗೇಟಿನ ಮುಂದೆ ಕೂರುವುದು ನನ್ನಿಂದಾಗಲಿಲ್ಲ. ಗೆಳತಿ ಕಾರು ತಿರುಗಿಸಿದಳು. ರಾತ್ರಿ ಗೇಟಿಲ್ಲದ ದಾರಿಗಾಗಿ ಮೈಸೂರಿಗೇ ವಾಪಸ್ಸು, ಅಲ್ಲಿಂದ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂತವಾಡಿ. ಕಾಡಿನೊಳಗೆ ದಾರಿಯಿಲ್ಲದೆ, ಎಲೆಕ್ಟ್ರಾನು ತಂತಿ ಹಿಡಿದು ಸುತ್ತಿದ ಹಾಗೆ. ನಮ್ಮ ಅಂಗಳ ತಲುಪಿದಾಗ ಬೆಳಕು ಹರಿದಿತ್ತು. ಜಗಲಿಯಲ್ಲಿ ಚಾಪೆ ಹಾಸಿತ್ತು, ಚಾಪೆಯ ಮೇಲೆ ಅತ್ತೆ, ತಲೆಯ ಬಳಿ ದೀಪ. ಗಲ್ಲಕ್ಕೆ ಬಟ್ಟೆ ಕಟ್ಟಿ ಬಾಯಿ ಮುಚ್ಚಿಸಿದ್ದರು.

ನಡೆದದ್ದನ್ನು ಅತ್ತಿಗೆ ಹೇಳಿದಳು. ನಸುಕಿಗೆ ಮುಂಚೆ ಅತ್ತೆಗೆ ಮೇಲುಸಿರು ಹತ್ತಿತಂತೆ. ಅಣ್ಣ ಲೋಟದಲ್ಲಿ ನೀರು ತಂದು ಚಮಚದಿಂದ ಬಿಡಲು ಹೋದ. ಅತ್ತೆ ತುಟಿ ಬಿಗಿದಳು. ಅತ್ತಿಗೆ ಹೋದಳು, ಆಗಲೂ ತುಟಿ ಬಿಗಿದಳು. ಒಂದು ಸಲ ಕಣ್ಣು ತೆರೆದು "ಬಂದ್ಲಾ?" ಎಂದಳಂತೆ. ಆಮೇಲೆ ಮತ್ತೆ ಬಾಯಿ ಮುಚ್ಚಿಕೊಂಡು ಕಾದಳು. ಉಸಿರಿಗೂ ಬಾಯಿ ಬೇಕಲ್ಲ, ಆದರೂ ಮುಚ್ಚಿಕೊಂಡೇ ಇದ್ದಳು.

"ನೋಡಕಾಗ್ಲಿಲ್ಲ ಕಣವ್ವ" ಎಂದು ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡಳು.

ಆಗ, ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದ ಹಾಡಿಯಮ್ಮ ಅಣ್ಣನ ಕೈಯಿಂದ ಲೋಟ ಈಸಿಕೊಂಡಳು. ಅಡಿಗೆಮನೆಗೆ ಹೋಗಿ, ಒಂದು ಗಳಿಗೆ ಬಿಟ್ಟು ಅದೇ ಲೋಟ ಹಿಡಿದು ಬಂದು, ಅತ್ತೆಯ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದಳಂತೆ: "ಮೋಳು ಗೇಟಲ್ಲಿ ಸಿಕ್ಕಾಕಂಡವ್ಳೆ. ನೀರು ಮಾತ್ರ ಕೊಟ್ಟು ಕಳ್ಸವ್ಳೆ. ಕೈಯಿಂದ ಕೈಗೆ ಬಂತು ನೋಡು, ನಮ್ಮ ಗದ್ದೇಲಿ ಪೈರು ಬಂದಂಗೆ. ನನ್ನ ಕೈ ಖಾಲಿ ಇತ್ತು, ನಾನು ಈಸ್ಕಂಡೆ."

ಅತ್ತೆ ಬಾಯಿ ತೆರೆದಳು. ಒಂದು ಚಮಚ ಒಳಗೆ ಹೋಯಿತು. ನಾಲಿಗೆಯನ್ನು ತುಟಿಯ ಮೇಲೆ ನಿಧಾನವಾಗಿ ಆಡಿಸಿ, ರುಚಿ ನೋಡಿದಳಂತೆ.

"ಉಪ್ಪಿಲ್ಲ" ಎಂದಳಂತೆ. "ಗೆದ್ದವ್ಳೆ ನನ್ನ ಮೊಗ."

ಇದನ್ನೆಲ್ಲ ಅತ್ತಿಗೆ ಹೇಳುವಾಗ ಹಾಡಿಯಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಹೋಗಿ ಅವಳ ಪಕ್ಕ ಕೂತೆ.

"ಸುಳ್ಳು ಹೇಳ್ಬುಟ್ಟೆ ಮೋಳೆ. ಬಾವಿ ನೀರದು" ಎಂದಳು. "ಕ್ವಾಪನಾ ನನ್ನ ಮ್ಯಾಲೆ?"

ಗೆಳತಿ ಹೇಳಿದ್ದೂ ಅದೇ ಬಾವಿ ನೀರನ್ನೇ. ಅವಳೂ ಅಲ್ಲೇ ಅಂಗಳದಲ್ಲಿ ಕಾರಿಗೆ ಒರಗಿ ನಿಂತಿದ್ದಳು, ರಾತ್ರಿಯೆಲ್ಲ ಓಡಿಸಿ ಕಣ್ಣು ಕೆಂಪಾಗಿತ್ತು. ನನ್ನ ಮುಷ್ಟಿಯಲ್ಲಿದ್ದುದಾದರೂ ಏನು? ಉಪ್ಪಿಲ್ಲದ ನೀರೇ, ಸರಿ. ಆದರೆ ಆ ಉಪ್ಪನ್ನು ಹಿಡಿದಿಟ್ಟದ್ದು ನನ್ನ ಪೊರೆಯಲ್ಲ, ಎರಡೂವರೆ ಗಂಟೆ ಕೂತು ನಾನೇ ಸೋಸಿ ತೆಗೆದದ್ದು. ಸೆಲ್ಲಿನ ಉಪ್ಪು ಅವತ್ತೂ ಸೋರುತ್ತಲೇ ಇತ್ತು. ಗೆದ್ದೆ ಎಂದು ಆ ನೀರನ್ನು ಅತ್ತೆಯ ಬಾಯಿಗೆ ಬಿಟ್ಟಿದ್ದರೆ ಅದೂ ಸುಳ್ಳೇ ಆಗುತ್ತಿತ್ತು. ಹಾಡಿಯಮ್ಮನ ಸುಳ್ಳು ಹೊತ್ತಿಗೆ ಮುಟ್ಟಿತು, ನನ್ನದು ಮುಟ್ಟಲಿಲ್ಲ.

ಹಾಡಿಯಮ್ಮನ ಕೈ ಹಿಡಿದುಕೊಂಡೆ. ನಾಟಿ ಹಾಕಿ ಹಾಕಿ ಉಗುರಿನ ಸಂದಿಯೆಲ್ಲ ಕೆಸರು ಕುಡಿದ ಕೈ. ಅತ್ತೆಯ ಕೈಯೂ ಹಾಗೇ ಇತ್ತು.

ಅತ್ತೆಯನ್ನು ಗದ್ದೆಯ ಮೇಲಿನ ದಿಬ್ಬದಲ್ಲಿ, ಮೊದಲೇ ತೀರಿಕೊಂಡಿದ್ದ ಅಪ್ಪನ ಮಗ್ಗುಲಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲು ತುಪ್ಪ ಬಿಡಲು ಹೋದಾಗಲೂ ಮಳೆ ನಿಂತಿರಲಿಲ್ಲ. ಅಣ್ಣ ಬಿಟ್ಟ, ಅತ್ತಿಗೆ ಬಿಟ್ಟಳು, ಹಾಡಿಯಮ್ಮನೂ ಬಿಟ್ಟಳು. ಹಾಲು ಬಿಳಿಯ ಗೆರೆಯಾಗಿ ಕೆಮ್ಮಣ್ಣಿನ ಮೇಲೆ ಇಳಿದು ಹೋಯಿತು. ನನ್ನ ಸರದಿ ಬಂದಾಗ ಮಡಿಲಿನಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದೆ.

"ಏನವ್ವ ಅದು?" ಎಂದ ಅಣ್ಣ.

"ಅವಳ ನೀರು" ಎಂದೆ.

ತಲೆಯ ಭಾಗದಲ್ಲಿ ಬಗ್ಗಿ ಬಾಟಲಿ ಬೋರಲು ಮಾಡಿದೆ. ಸೋಸಿದ ಮೇಲೆ ಉಳಿದದ್ದು ಎಷ್ಟಿತ್ತು, ಮೂರು ಹನಿ, ನಾಲ್ಕು ಹನಿ. ನೆಲ ಮೊದಲೇ ತೊಯ್ದಿತ್ತು, ಕೊಡೆಯ ಅಂಚಿನಿಂದಲೂ ಹನಿಗಳು ಬೀಳುತ್ತಿದ್ದವು. ನನ್ನ ನೀರು ಎಲ್ಲಿ ಬಿತ್ತೋ ಕಾಣಲಿಲ್ಲ.